ಹಳೆ ಹೊಲಿಗೆ ಮಷಿನ್: ಯಾವುದನ್ನು ಮನೆಗೆ ತರಬೇಕು, ಯಾವುದನ್ನು ಅಲ್ಲೇ ಬಿಡಬೇಕು

ಸೆಕೆಂಡ್ ಹ್ಯಾಂಡ್ ಹೊಲಿಗೆ ಮಷಿನ್ ಕೊಳ್ಳಲು ಹೋದವರು ಮೊದಲು ಕೇಳುವುದು "ಓಡ್ತಾ ಇದೆಯಾ?" ಅಂತ. ಮಾರುವವರು ಪ್ಲಗ್ ಹಾಕಿ ಪೆಡಲ್ ಒತ್ತುತ್ತಾರೆ. ಸೂಜಿ ಮೇಲೆ ಕೆಳಗೆ ಆಡುತ್ತದೆ. ವ್ಯಾಪಾರ ಮುಗಿಯಿತು. ಆದರೆ ಹೀಗೆ ಚೆನ್ನಾಗಿ ಓಡಿದ ಮಷಿನ್ ಕೆಲವೇ ತಿಂಗಳಲ್ಲಿ ಕೈಕೊಡಬಹುದು. ಅಲ್ಲಾಡದೆ ಕಚ್ಚಿಕೊಂಡು ಕೂತ ಮಷಿನ್ ಎಣ್ಣೆ ಕುಡಿದು ಎದ್ದು, ಮತ್ತೆ ಒಂದು ತಲೆಮಾರು ಹೊಲಿಯಬಹುದು.

ಹಾಗಾಗಿ "ಓಡುತ್ತದೆಯೇ" ಅನ್ನುವುದಕ್ಕಿಂತ "ಓಡದಿದ್ದರೆ ಯಾಕೆ ಓಡುತ್ತಿಲ್ಲ" ಅನ್ನುವುದು ಒಳ್ಳೆಯ ಪ್ರಶ್ನೆ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಜಿಡ್ಡು, ತುಕ್ಕು, ಸವೆತ, ಮುರಿತ. ಜಿಡ್ಡಿಗೆ ತಾಳ್ಮೆ ಸಾಕು. ಮೇಲ್ಮೇಲಿನ ತುಕ್ಕಿಗೆ ಸ್ವಲ್ಪ ಉಜ್ಜುವ ಕೆಲಸ. ಸವೆತಕ್ಕೆ ಹೊಸ ಬಿಡಿಭಾಗ ಬೇಕು. ಮುರಿದಿದ್ದರೆ ಆ ಭಾಗ ಈಗ ಸಿಗುತ್ತದೋ ಇಲ್ಲವೋ ನೋಡಿಕೊಂಡೇ ದುಡ್ಡು ಬಿಚ್ಚಬೇಕು. ಬೇರೆ ಬೇರೆ ಬಗೆಯ ಮಷಿನ್‌ಗಳನ್ನು ಇಲ್ಲಿ ಈ ಲೆಕ್ಕದಲ್ಲೇ ತೂಗಿದ್ದೇನೆ. ಕೊನೆಯಲ್ಲಿ ಮಷಿನ್ ಇಡುವ ಜಾಗದ ಮಾತೂ ಇದೆ. ಎಷ್ಟೋ ಸಲ ಹೊಲಿಗೆ ಸೊಟ್ಟಗಾಗುವುದಕ್ಕೆ ಮೇಜು, ಬೆಳಕುಗಳೇ ಕಾರಣ.

ಕಪ್ಪು ಕಬ್ಬಿಣದ ಮಷಿನ್‌ಗಳು: ಹೊರಗೆ ಒಂದೇ, ಒಳಗೆ ಬೇರೆ

ನೇರ ಹೊಲಿಗೆ ಮಾತ್ರ ಹಾಕುವ ಕಪ್ಪು ಮಷಿನ್‌ಗಳು ದೂರದಿಂದ ನೋಡಿದರೆ ಎಲ್ಲವೂ ಒಂದೇ ಥರ. ಸೂಜಿಯ ಕೆಳಗಿನ ತಗಡು ಸರಿಸಿ ನೋಡಿ, ಆಗ ಗೊತ್ತಾಗುತ್ತದೆ. ಕೆಳಗಿನ ದಾರ ಹೇಗೆ ಸುತ್ತುತ್ತದೆ ಎಂಬುದರಲ್ಲೇ ಎಲ್ಲ ವ್ಯತ್ಯಾಸ.

ಸಿಂಗರ್ ಕಂಪನಿಯ 27, 28, 127, 128 ಮಾಡೆಲ್‌ಗಳಲ್ಲಿ ಗುಂಡಗಿನ ಬಾಬಿನ್ (ಕೆಳಗಿನ ದಾರ ಸುತ್ತಿಡುವ ಉರುಳೆ) ಇರುವುದಿಲ್ಲ. ತೆಳ್ಳಗೆ ಉದ್ದನೆಯ ಬಾಬಿನ್, ಅದನ್ನು ಹೊತ್ತ ಬಂದೂಕಿನ ಗುಂಡಿನಾಕಾರದ ಶಟಲ್. ಶಟಲ್ ಹಿಂದೆ ಮುಂದೆ ಓಲಾಡುತ್ತಾ ಹೊಲಿಯುತ್ತದೆ. ನೋಡಲು ಬಹಳ ಚೆಂದ, ಹೊಲಿಗೆಯೂ ಅಚ್ಚುಕಟ್ಟು. ಆದರೆ ಶಟಲ್ ಕಳೆದುಹೋಗಿದ್ದರೆ ಹೊಸದನ್ನು ಹುಡುಕುವುದೇ ಒಂದು ಕೆಲಸ. 27 ಮತ್ತು 28ರಲ್ಲಿ ಹಿಂದಕ್ಕೆ ಹೊಲಿಯುವ ಸೌಲಭ್ಯವೂ ಇಲ್ಲ. ಶಟಲ್, ಬಾಬಿನ್ ಎರಡೂ ಕೈಯಲ್ಲಿ ಹಿಡಿದು ನೋಡಿದ ಮೇಲೆ ಮಾತ್ರ ಇಂಥದ್ದನ್ನು ಕೊಳ್ಳಿ.

ಸಿಂಗರ್‌ನದೇ 15ನೇ ಕ್ಲಾಸ್, ಅಂದರೆ 15ನೇ ನಂಬರಿನ ಮಾಡೆಲ್, ಇದಕ್ಕೆ ತದ್ವಿರುದ್ಧ. ಬಾಬಿನ್ ಕೇಸ್ ಎಡ ತುದಿಯಲ್ಲಿ ನಿಂತ ಭಂಗಿಯಲ್ಲಿ ಕೂರುತ್ತದೆ. ಈ ವಿನ್ಯಾಸವನ್ನು ಎಷ್ಟೋ ಕಂಪನಿಗಳು ನಕಲು ಮಾಡಿದವು. ಎರಡನೇ ಮಹಾಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಇದರ ಪ್ರತಿಗಳನ್ನು ನಾನಾ ಹೆಸರಿನಲ್ಲಿ, ನಾನಾ ಬಣ್ಣದಲ್ಲಿ ಲೋಕಕ್ಕೆಲ್ಲ ಕಳಿಸಿದವು. ಅದರಿಂದ ಕೊಳ್ಳುವವರಿಗೆ ಲಾಭ: ಬಾಬಿನ್, ಕೇಸ್, ಹುಕ್ (ಸೂಜಿಯ ದಾರ ಹಿಡಿದು ಬಾಬಿನ್ ಸುತ್ತ ಒಯ್ಯುವ ಕೊಕ್ಕೆ), ಸ್ಪ್ರಿಂಗ್ ಎಲ್ಲವೂ ಸಲೀಸಾಗಿ ಸಿಗುತ್ತವೆ. ಮೊದಲ ಸಲ ಹಳೆ ಮಷಿನ್ ಬಿಚ್ಚಿ ಕಲಿಯುವವರಿಗೆ ನಾನು ಹೇಳುವುದು ಇದನ್ನೇ. ಕಂಪನಿ ಹೆಸರು ಯಾವುದೂ ಇಲ್ಲದ ಹದಿನೈದರ ನಕಲು ಸಿಕ್ಕರೂ ಹಿಂಜರಿಯಬೇಡಿ.

66 ಮತ್ತು ಅದರ ಚಿಕ್ಕ ತಮ್ಮ 99ರಲ್ಲಿ ಬಾಬಿನ್ ಮೇಲಿನಿಂದ ಕೂರುತ್ತದೆ. ದಾರ ಎಷ್ಟು ಉಳಿದಿದೆ ಅಂತ ತಗಡು ಸರಿಸಿ ನೋಡಬಹುದು. ಕಣ್ಣು ಮಂಜಾದವರಿಗೆ ಇದು ದೊಡ್ಡ ಅನುಕೂಲ. ಒಂದು ಎಚ್ಚರಿಕೆ: 15ರ ಬಾಬಿನ್‌ನ ಪಕ್ಕಗಳು ಚಪ್ಪಟೆ, 66ರದ್ದು ತುಸು ಉಬ್ಬು. ಅಳತೆ ಹತ್ತಿರ ಹತ್ತಿರ ಇರುವುದರಿಂದ ಒಂದರದ್ದನ್ನು ಇನ್ನೊಂದಕ್ಕೆ ಹಾಕಿಬಿಡುತ್ತಾರೆ. ಆಮೇಲೆ ದಾರ ಗಂಟಾಗುತ್ತದೆ, ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸಿ ತಿರುಗಿಸಿ ಸಾಕಾಗುತ್ತದೆ. "ಕೆಟ್ಟಿದೆ" ಅಂತ ಮಾರಾಟಕ್ಕೆ ಬಂದ ಮಷಿನ್‌ನಲ್ಲಿ ಮೊದಲು ಬಾಬಿನ್ ತೆಗೆದು ನೋಡಿ.

1930ರ ದಶಕದಲ್ಲಿ ಬಂದ 201 ಇವೆಲ್ಲಕ್ಕಿಂತ ಒಂದು ಮೆಟ್ಟಿಲು ಮೇಲೆ. ಇದರ ಹುಕ್ ಓಲಾಡುವುದಿಲ್ಲ, ಪೂರ್ತಿ ಸುತ್ತುತ್ತದೆ. ಹಾಗಾಗಿ ಸದ್ದು ಕಡಿಮೆ, ಓಟ ನುಣುಪು. 1933ರಲ್ಲಿ ಬಂದ 221ಕ್ಕೆ ಫೆದರ್‌ವೇಟ್ ಅಂತ ಹೆಸರು. ಅಲ್ಯೂಮಿನಿಯಂ ಮೈ, ತೂಕ ಸುಮಾರು 5 ಕೆಜಿ. ಹೊತ್ತುಕೊಂಡು ಹೋಗುವವರಿಗೆ ಸರಿ. ಆದರೆ ಸಂಗ್ರಹ ಮಾಡುವವರು ಇದರ ಹಿಂದೆ ಬಿದ್ದು ಬೆಲೆ ಏರಿಸಿಟ್ಟಿದ್ದಾರೆ. ಬರೀ ಹೊಲಿಯುವುದಕ್ಕಾದರೆ ಅಷ್ಟು ಕೊಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ತೀರಾ ಹಳೆಯದಾದ ಸಿಂಗರ್ 12ರಂಥವು ಬೇರೆಯೇ ಜಾತಿಯ ಸೂಜಿ ಕೇಳುತ್ತವೆ. ಈಗಿನ ಮನೆಬಳಕೆಯ ಸೂಜಿ, ಅಂದರೆ ಪೊಟ್ಟಣದ ಮೇಲೆ 15x1 ಅಥವಾ 130/705 ಅಂತ ಇರುವುದು, ಅವಕ್ಕೆ ಕೂರುವುದಿಲ್ಲ. ಸೂಜಿ ಸಿಗದ ಮಷಿನ್ ಶೋಕೇಸಿಗಷ್ಟೇ.

ಕೈ, ಕಾಲು, ಮೋಟಾರು

ಮಕ್ಕಳಿಗೆ ಕಲಿಸುವುದಿದ್ದರೆ, ಅಥವಾ ನಿಧಾನವಾಗಿ ಒಂದೊಂದೇ ಹೊಲಿಗೆ ಹಾಕುವ ಕೆಲಸವಿದ್ದರೆ ಕೈಮಷಿನ್ ಒಳ್ಳೆಯದು. ಆದರೆ ಬಲಗೈ ಹಿಡಿಯಲ್ಲೇ ಇರುತ್ತದೆ, ಬಟ್ಟೆಗೆ ಉಳಿಯುವುದು ಎಡಗೈ ಒಂದೇ. ಉದ್ದ ಪರದೆ, ಜಾರುವ ಬಟ್ಟೆ ಹೊಲಿಯುವಾಗ ಇದು ಕಾಡುತ್ತದೆ.

ಕಾಲಿನಿಂದ ತುಳಿಯುವುದಕ್ಕೆ ನನ್ನ ಮತ ಜಾಸ್ತಿ. ಎರಡೂ ಕೈ ಖಾಲಿ, ಕರೆಂಟ್ ಬೇಡ, ವೇಗ ಪೂರ್ತಿ ನಿಮ್ಮ ಪಾದದ ಹಿಡಿತದಲ್ಲಿ. ಕೆಡುವುದಕ್ಕೆ ಇರುವುದೇ ಸ್ವಲ್ಪ: ಚರ್ಮದ ಬೆಲ್ಟ್ ಸಡಿಲವಾಗುತ್ತದೆ, ಅದನ್ನು ಒಂದಿಷ್ಟು ಕತ್ತರಿಸಿ ಮತ್ತೆ ಕ್ಲಿಪ್ ಹಾಕಿದರೆ ಆಯಿತು. ತುಳಿಯುವ ಹಲಗೆ ಕಿರುಗುಟ್ಟಿದರೆ ಎರಡು ತುದಿಯ ತಿರುಪುಗಳನ್ನು ಬಿಗಿ ಮಾಡಿ ಎಣ್ಣೆ ಬಿಟ್ಟರೆ ಸಾಕು. ಇನ್ನೊಂದು ಗುಟ್ಟು ಇದೆ. ಸಿಂಗರ್‌ನ ಪೂರ್ಣ ಅಳತೆಯ ಮಷಿನ್‌ಗಳ ತಳ ಹೆಚ್ಚುಕಡಿಮೆ ಒಂದೇ, ಸುಮಾರು 37 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. 15, 66, 127ರಲ್ಲಿ ಯಾವುದನ್ನಾದರೂ ಅದೇ ಮೇಜಿಗೆ ಕೂರಿಸಬಹುದು. ಹದಿನೈದರ ನಕಲುಗಳೂ ಕೂರುತ್ತವೆ. ತಲೆ (ಮೇಜಿನ ಮೇಲಿನ ಮಷಿನ್) ಹಾಳಾದ ಒಳ್ಳೆ ಮೇಜು ಒಂದು ಕಡೆ, ಮೇಜಿಲ್ಲದ ಒಳ್ಳೆ ತಲೆ ಇನ್ನೊಂದು ಕಡೆ ಸಿಕ್ಕರೆ ಎರಡನ್ನೂ ಸೇರಿಸಿ. 28, 99, 128 ಮಾತ್ರ ಚಿಕ್ಕವು, ಮೇಜಿನಲ್ಲಿ ಮಷಿನ್ ಕೂರಿಸುವ ಆ ತೆರಪಿಗೆ ಹೊಂದುವುದಿಲ್ಲ.

ಹಳೆ ಮೋಟಾರು ಇರುವ ಮಷಿನ್‌ನಲ್ಲಿ ಯಂತ್ರಕ್ಕಿಂತ ವೈರಿನ ಬಗ್ಗೆ ಹೆಚ್ಚು ಹೆದರಬೇಕು. ಆಗಿನ ವೈರುಗಳ ರಬ್ಬರ್ ಹೊದಿಕೆ ಒಣಗಿ ಬಿರಿದಿರುತ್ತದೆ. ಬಗ್ಗಿಸಿದರೆ ಪುಡಿ ಉದುರುತ್ತಿದ್ದರೆ ಪ್ಲಗ್ ಹಾಕಲೇ ಬೇಡಿ. ಪೆಡಲ್ ಒಳಗಿರುವ ಹಳೆ ಕೆಪಾಸಿಟರ್ ಇದ್ದಕ್ಕಿದ್ದಂತೆ ಸುಟ್ಟು ಹೊಗೆ ತುಂಬಿಸುವುದೂ ಉಂಟು. ಬೇರೆ ದೇಶದಿಂದ ಬಂದ ಮಷಿನ್ ಆದರೆ ಮೋಟಾರಿನ ಮೇಲಿನ ಫಲಕ ಓದಿ. 110 ವೋಲ್ಟ್ ಅಂತ ಇದ್ದು ನಿಮ್ಮಲ್ಲಿ 220 ಇದ್ದರೆ ಮೋಟಾರು ಉಳಿಯುವುದಿಲ್ಲ. ಮೋಟಾರು ಪಕ್ಕದಲ್ಲಿ ಬೇರೆಯಾಗಿ ತಿರುಪು ಹಾಕಿ ಕೂರಿಸಿದ ಮಷಿನ್ ಆದರೆ ಚಿಂತೆ ಇಲ್ಲ. ಅದನ್ನು ತೆಗೆದು ಹೊಸ ಮೋಟಾರನ್ನೋ ಕೈಹಿಡಿಯನ್ನೋ ಜೋಡಿಸಬಹುದು. 201ರ ಕೆಲವು ಮಾದರಿಗಳಲ್ಲಿರುವಂತೆ ಮೋಟಾರು ಮೈಯೊಳಗೇ ಗಿಯರ್ ಮೂಲಕ ಸೇರಿಕೊಂಡಿದ್ದರೆ ಆ ಸ್ವಾತಂತ್ರ್ಯ ಇಲ್ಲ, ಇರುವುದನ್ನೇ ದುರಸ್ತಿ ಮಾಡಿಸಬೇಕು.

ಜಿಗ್‌ಜ್ಯಾಗ್ ಬೇಕು ಅನ್ನುವವರಿಗೆ

ಹಿಗ್ಗುವ ಬಟ್ಟೆ, ಅಂಚು ಕಟ್ಟುವುದು, ಕಾಜಾ ಹಾಕುವುದು, ಇವೆಲ್ಲ ನೇರ ಹೊಲಿಗೆಯಲ್ಲಿ ಕಷ್ಟ. ಅದಕ್ಕೆ ಸೂಜಿ ಎಡಕ್ಕೂ ಬಲಕ್ಕೂ ಆಡುವ ಜಿಗ್‌ಜ್ಯಾಗ್ ಬೇಕು. ಇಲ್ಲಿ ಆಯ್ಕೆ ಮಾಡುವಾಗ ಮಷಿನ್ ತಯಾರಾದ ಕಾಲ ನೋಡಿ.

1950ರ ದಶಕ ಮತ್ತು 60ರ ಮೊದಲರ್ಧದ ಜಿಗ್‌ಜ್ಯಾಗ್ ಮಷಿನ್‌ಗಳು ಬಹುತೇಕ ಪೂರ್ತಿ ಲೋಹದವು. ಭಾರ ಜಾಸ್ತಿ, ಆದರೆ ಬಾಳಿಕೆ ಗಟ್ಟಿ. ಇವುಗಳ ಕಾಯಿಲೆ ಒಂದೇ: ಎಣ್ಣೆ ಒಣಗಿ ಅಂಟಾಗುವುದು. ಸೂಜಿ ಮೇಲೆ ಕೆಳಗೆ ಆಡುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ. ಅಗಲದ ಗುಂಡಿ ತಿರುಗುವುದಿಲ್ಲ. ಮಾರುವವರು "ಜಿಗ್‌ಜ್ಯಾಗ್ ಕೆಟ್ಟಿದೆ" ಅಂದುಕೊಂಡು ಕಡಿಮೆಗೆ ಬಿಡುತ್ತಾರೆ. ಅಲ್ಲಿ ಮುರಿದದ್ದು ಏನೂ ಇರುವುದಿಲ್ಲ. ಬಿಸಿ ಮತ್ತು ಎಣ್ಣೆಗೆ ಬಿಡುತ್ತದೆ. ಗುಂಡಿಯನ್ನು ಬಲವಂತವಾಗಿ ತಿರುಗಿಸಿ ಯಾರಾದರೂ ಮುರಿದಿಟ್ಟಿದ್ದರೆ ಮಾತ್ರ ಕಷ್ಟ.

60ರ ದಶಕದ ಕೊನೆಯಿಂದ ನೈಲಾನ್, ಪ್ಲಾಸ್ಟಿಕ್ ಗಿಯರ್‌ಗಳು ಒಳಗೆ ಸೇರಿಕೊಂಡವು. ಹೊಸದಾಗಿದ್ದಾಗ ಸದ್ದು ಕಡಿಮೆ, ಹಗುರ. ಆದರೆ ವರ್ಷ ಕಳೆದಂತೆ ಪ್ಲಾಸ್ಟಿಕ್ ಕುಗ್ಗುತ್ತದೆ, ಬಿರಿಯುತ್ತದೆ. ಬಳಸದೆ ಡಬ್ಬದಲ್ಲಿಟ್ಟರೂ ಬಿರಿಯುತ್ತದೆ. "ಒಂದು ದಿನವೂ ಬಳಸಿಲ್ಲ, ಹೊಸದರ ಹಾಗಿದೆ" ಅನ್ನುವ ಮಾತಿಗೆ ಇಲ್ಲಿ ಏನೂ ಬೆಲೆ ಇಲ್ಲ. ಚೆನ್ನಾಗಿ ಓಡುತ್ತಿರುವ ಮಷಿನ್‌ನ ಗಿಯರ್ ಸಣ್ಣಗೆ ಬಿರುಕು ಬಿಟ್ಟಿರಬಹುದು. ತಳ ಎತ್ತಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಅಥವಾ ಹಳದಿಗಟ್ಟಿದ ಗಿಯರ್ ಕಂಡರೆ ಅದರ ಹಲ್ಲುಗಳ ಬುಡ, ತಿರುಪು ಹಾಕಿದ ಜಾಗ ಎರಡನ್ನೂ ಗಮನಿಸಿ. ಆ ಮಾಡೆಲ್‌ಗೆ ಹೊಸ ಗಿಯರ್ ಸಿಗುತ್ತದೆ ಅಂತ ಖಾತ್ರಿಯಾದರೆ ಕೊಳ್ಳಬಹುದು. ಗಿಯರ್ ಬದಲಿಸಿದ ಮೇಲೆ ಸೂಜಿ ಮತ್ತು ಹುಕ್ಕಿನ ಹೊಂದಾಣಿಕೆಯನ್ನು ಮೊದಲಿಂದ ಮಾಡಬೇಕು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಎಲ್ಲ ಲೋಹ ಅಂತ ಹೆಸರಾದ ಮಷಿನ್‌ನಲ್ಲೂ ಹೊಲಿಗೆಯ ವಿನ್ಯಾಸ ಮೂಡಿಸುವ ಕ್ಯಾಮ್ (ಏರಿಳಿತದ ಅಂಚಿನ ಬಿಲ್ಲೆ) ತಿರುಗಿಸುವ ಒಂದೇ ಒಂದು ಪ್ಲಾಸ್ಟಿಕ್ ಗಿಯರ್ ಅಡಗಿರಬಹುದು. ಇನ್ನು ಎಲ್ನಾ ಕಂಪನಿಯ ಹಳೆ ಮಷಿನ್‌ಗಳಲ್ಲಿ ಮೋಟಾರಿನ ಪುಟ್ಟ ರಬ್ಬರ್ ಗಾಲಿಯೇ ಮಷಿನ್‌ನ ಚಕ್ರವನ್ನು ಉಜ್ಜಿ ಓಡಿಸುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ನಿಂತರೆ ಆ ರಬ್ಬರ್ ಒಂದು ಕಡೆ ತಗ್ಗಾಗಿ ಟಕ್ ಟಕ್ ಸದ್ದು ಬರುತ್ತದೆ. ಅದು ಚಿಕ್ಕ ರಿಪೇರಿ, ಹೆದರಬೇಕಾಗಿಲ್ಲ.

ಎಲೆಕ್ಟ್ರಾನಿಕ್ ಮಷಿನ್‌ಗಳು 1975ರಲ್ಲಿ ಸಿಂಗರ್‌ನ ಅಥೀನಾ 2000ದಿಂದ ಶುರುವಾದವು. ಹಳೆಯದಾದ ಇಂಥ ಮಷಿನ್‌ನ ಸರ್ಕ್ಯೂಟ್ ಬೋರ್ಡ್ ಹೋದರೆ ಬೇರೆ ಬೋರ್ಡ್ ಸಿಗುವುದು ಅಪರೂಪ. ಕೆಲವೇ ವರ್ಷ ಹಳೆಯದಾಗಿ, ಎಲ್ಲ ಗುಂಡಿಗಳೂ ನಿಮ್ಮ ಕಣ್ಣೆದುರೇ ಕೆಲಸ ಮಾಡಿದರೆ ತನ್ನಿ. ರಿಪೇರಿ ಮಾಡಿ ಬಳಸೋಣ ಅಂತ ಮಾತ್ರ ತರಬೇಡಿ.

ಕಾರ್ಖಾನೆ ಮಷಿನ್ ಮನೆಗೆ ಬೇಕಾ?

ಗಾರ್ಮೆಂಟ್ ಕಾರ್ಖಾನೆಗಳಿಂದ ಹೊರಬಿದ್ದ ಮಷಿನ್‌ಗಳು ಒಳ್ಳೆ ಬೆಲೆಗೆ ಸಿಗುತ್ತವೆ, ಆಸೆಯಾಗುತ್ತದೆ. ದಿನವಿಡೀ ಹೊಲಿಯುವವರಿಗೆ ಸರಿ. ನಿಮಿಷಕ್ಕೆ 5000 ಹೊಲಿಗೆವರೆಗೂ ಹೋಗುತ್ತವೆ. ಮನೆ ಮಷಿನ್‌ಗಳ ಓಟ ಸಾಮಾನ್ಯವಾಗಿ 1000ದ ಆಸುಪಾಸು. ಆದರೆ ಇದು ಒಂದೇ ಕೆಲಸದ ಯಂತ್ರ, ನೇರ ಹೊಲಿಗೆ ಅಂದರೆ ನೇರ ಹೊಲಿಗೆ ಅಷ್ಟೇ. ಮೇಜಿನ ಸಮೇತ ಜಾಗ ತಿನ್ನುತ್ತದೆ, ಸೂಜಿಯ ಜಾತಿಯೂ ಬೇರೆ. ತರುವುದಾದರೆ ಮೋಟಾರು ಯಾವುದು ಅಂತ ಕೇಳಿ. ಹಳೆ ಕ್ಲಚ್ ಮೋಟಾರು ಸ್ವಿಚ್ ಹಾಕಿದಾಗಿನಿಂದ ಗುಂಯ್ ಅನ್ನುತ್ತಲೇ ಇರುತ್ತದೆ, ನಿಧಾನಕ್ಕೆ ಓಡಿಸಲು ಪಾದಕ್ಕೆ ಅಭ್ಯಾಸ ಬೇಕು. ಸರ್ವೋ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೆ ಮಿತಿ ಹಾಕಿಡಬಹುದು. ಕ್ಲಚ್ ತೆಗೆದು ಸರ್ವೋ ಹಾಕಿಸುವ ಖರ್ಚನ್ನೂ ಸೇರಿಸಿ ಬೆಲೆ ಹೋಲಿಸಿ.

ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ (ಬಟ್ಟೆಯ ಅಂಚು ಕತ್ತರಿಸಿ ಕಟ್ಟುವ ಮಷಿನ್) ಬಗ್ಗೆ ಒಂದೇ ಮಾತು: ನಿಮ್ಮೆದುರು ದಾರ ಪೋಣಿಸಿ ಹೊಲಿದು ತೋರಿಸದಿದ್ದರೆ ಬೇಡ.

ನೋಡಲು ಹೋದಾಗ

ಜೊತೆಗೆ ಹೊಸ ಸೂಜಿ, ಒಳ್ಳೆ ದಾರ ಎರಡು ಬಣ್ಣದ್ದು, ಒಂದು ತುಂಡು ಹತ್ತಿ ಬಟ್ಟೆ, ಟಾರ್ಚ್ ಇಟ್ಟುಕೊಳ್ಳಿ. ಮಾರುವವರ ಹತ್ತಿರ ಇರುವ ದಾರ ಮಷಿನ್‌ನಷ್ಟೇ ಹಳೆಯದಿರುತ್ತದೆ, ಎಳೆದರೆ ಪಟ್ ಅನ್ನುತ್ತದೆ.

ಪ್ಲಗ್ ಹಾಕುವ ಮೊದಲು ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸಿ. ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಅದು ಜಿಡ್ಡು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಅನುಮಾನಪಡಿ: ಹುಕ್ಕಿನಲ್ಲಿ ದಾರ ಸಿಕ್ಕಿರಬಹುದು, ಏನೋ ಬಾಗಿರಬಹುದು, ಗಿಯರ್ ಹಲ್ಲು ಹೋಗಿರಬಹುದು. ಚಕ್ರ ತಿರುಗಿದರೂ ಸೂಜಿ ಆಡದಿದ್ದರೆ ಗಾಬರಿ ಬೇಡ, ಬಾಬಿನ್ ಸುತ್ತಲು ಸಡಿಲ ಮಾಡಿದ ನಡುವಿನ ತಿರುಪನ್ನು ಬಿಗಿ ಮಾಡದೆ ಬಿಟ್ಟಿರಬಹುದು.

ದಾರವಿಲ್ಲದೆ ಒಂದು ಹಾಳೆ ಹೊಲಿಯಿರಿ. ತೂತುಗಳು ಸಮ ದೂರದಲ್ಲಿ, ನೇರ ಸಾಲಿನಲ್ಲಿ ಬಂದರೆ ಬಟ್ಟೆ ಎಳೆಯುವ ಹಲ್ಲುಗಳು ಚೆನ್ನಾಗಿವೆ. ಆ ಹಲ್ಲುಗಳ ಮೇಲೆ ಉಗುರು ಎಳೆದರೆ ಚುರುಕಾಗಿ ತಾಗಬೇಕು. ಹುಕ್ಕಿನ ಮೂತಿಯನ್ನೂ ಬೆರಳಿನಿಂದ ಮುಟ್ಟಿ. ಮೊಂಡಾಗಿದ್ದರೆ ಅಥವಾ ತುಕ್ಕು ತಿಂದು ಗುಂಡಿ ಬಿದ್ದಿದ್ದರೆ ಬದಲಿಸಬೇಕಾಗುತ್ತದೆ. ತಿರುಪುಗಳ ತಲೆ ಕಿತ್ತುಹೋಗಿವೆಯಾ? ಹಾಗಾದರೆ ಮೊದಲೇ ಯಾರೋ ಕೈಯಾಡಿಸಿದ್ದಾರೆ. ಮುಟ್ಟದೆ ಧೂಳು ಹಿಡಿದ ಮಷಿನ್ ಅದಕ್ಕಿಂತ ಎಷ್ಟೋ ವಾಸಿ.

ಹೊಲಿಗೆ ಬೀಳದಿದ್ದರೆ ಕೂಡಲೇ ಕೈಬಿಡಬೇಡಿ. ಸೂಜಿ ತಿರುಗುಮುರುಗಾಗಿ ಹಾಕಿರುವುದು ಬಹಳ ಸಾಮಾನ್ಯ. ಸೂಜಿಯ ಒಂದು ಕಡೆ ಉದ್ದಕ್ಕೆ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಒಳಗೆ ಹೋಗಬೇಕು. ಸೂಜಿಯ ಪಕ್ಕದ ಕೊನೆಯ ದಾರದ ಕೊಕ್ಕೆ ಯಾವ ಕಡೆಗಿದೆ ನೋಡಿದರೆ ದಿಕ್ಕು ತಿಳಿಯುತ್ತದೆ.

ನೀವೇ ಮಾಡುವುದು, ಮೆಕ್ಯಾನಿಕ್‌ಗೆ ಬಿಡುವುದು

ಜಿಡ್ಡು ಬಿಡಿಸುವುದಕ್ಕೆ ಮೆಕ್ಯಾನಿಕ್ ಬೇಕಾಗಿಲ್ಲ. ಮೊದಲು ಬ್ರಷ್, ಚಿಮುಟ ಹಿಡಿದು ದಾರದ ಚೂರು, ಹತ್ತಿಯ ನಾರು ಎಲ್ಲ ತೆಗೆಯಿರಿ. ಹಲ್ಲುಗಳ ಕೆಳಗೆ ನಾರು ಒತ್ತಿ ಒತ್ತಿ ರಟ್ಟಿನಂತಾಗಿರುತ್ತದೆ. ಆಮೇಲೆ ಲೋಹಕ್ಕೆ ಲೋಹ ಉಜ್ಜುವ ಪ್ರತಿ ಜಾಗಕ್ಕೂ ಹೊಲಿಗೆ ಮಷಿನ್ ಎಣ್ಣೆ ಒಂದೊಂದು ಹನಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಚಕ್ರ ಮೆಲ್ಲಗೆ ಆಡಿಸಿ, ರಾತ್ರಿ ಹಾಗೇ ಬಿಡಿ. ಮರುದಿನ ಮತ್ತೆ. ತೀರಾ ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಹಚ್ಚಬಹುದು, ಆದರೆ ಬೆಂಕಿ, ಬಿಸಿ ಹತ್ತಿರ ಬರಬಾರದು. ಬಿಟ್ಟುಕೊಂಡ ಮೇಲೆ ಅದನ್ನು ಒರೆಸಿ ಸರಿಯಾದ ಎಣ್ಣೆ ಹಾಕಲೇಬೇಕು. ತುಕ್ಕು ಬಿಡಿಸುವ ಸ್ಪ್ರೇ ಕೂಡ ಹೀಗೆಯೇ, ಎಣ್ಣೆಯ ಬದಲಿಗೆ ಅಲ್ಲ. ಅಡುಗೆ ಎಣ್ಣೆ, ತೆಂಗಿನೆಣ್ಣೆ ಹಾಕಬೇಡಿ. ಈಗ ಬಿಡಿಸುತ್ತಿರುವ ಅಂಟೇ ಮತ್ತೆ ಕಟ್ಟುತ್ತದೆ. ಲೋಹದ ಗಿಯರ್‌ಗೆ ಮಾತ್ರ ಎಣ್ಣೆ ಅಲ್ಲ, ಗ್ರೀಸ್.

ಹೊರಮೈ ಒರೆಸುವಾಗ ಸ್ಪಿರಿಟ್ ಮುಟ್ಟಬೇಡಿ. ಹಳೆ ಕಪ್ಪು ಮಷಿನ್‌ಗಳ ಚಿನ್ನದ ಚಿತ್ತಾರದ ಮೇಲೆ ಅರಗಿನ ಪಾಲಿಷ್ ಇರುತ್ತದೆ. ಸ್ಪಿರಿಟ್‌ಗೆ ಅದು ಕರಗಿ, ಚಿತ್ತಾರವೂ ಎದ್ದುಬರುತ್ತದೆ. ಮಷಿನ್ ಎಣ್ಣೆಯಲ್ಲೇ ಮೆತ್ತನೆ ಬಟ್ಟೆ ಅದ್ದಿ ಒರೆಸಿದರೆ ಕೊಳೆ ಬಿಡುತ್ತದೆ. ಹೊಸ ಪೇಂಟ್ ಹೊಡೆಸುವುದು ಬೇಕಾ? ನನ್ನ ಪ್ರಕಾರ ಬೇಡ. ಸವೆದ ಚಿತ್ತಾರದಿಂದ ಹೊಲಿಗೆಗೆ ಏನೂ ತೊಂದರೆ ಇಲ್ಲ. ಪೇಂಟ್ ಮಾತ್ರ ಎಣ್ಣೆ ಬಿಡುವ ತೂತುಗಳೊಳಗೆ ಹೋಗಿ ಕೂರುತ್ತದೆ.

ಬೆಲ್ಟ್, ಬಾಬಿನ್ ಸುತ್ತುವ ರಬ್ಬರ್ ಬಳೆ, ಮೋಟಾರಿನ ಕಾರ್ಬನ್ ಬ್ರಷ್, ಟೆನ್ಷನ್ ತಟ್ಟೆಗಳ ನಡುವಿನ ಕೊಳೆ, ಇವೂ ನಿಮ್ಮ ಕೈಯಲ್ಲೇ ಆಗುವ ಕೆಲಸ. ವೈರಿಂಗ್ ಬದಲಿಸುವುದು ತಿಳಿದವರಿಗೆ ಬಿಡಿ. ಟೈಮಿಂಗ್, ಅಂದರೆ ಸೂಜಿ ಮತ್ತು ಹುಕ್ಕಿನ ಹೊಂದಾಣಿಕೆ, ಕೂಡ ಹಾಗೇ. ಸೂಜಿ ಕೆಳಗಿನ ತುದಿಯಿಂದ ಸುಮಾರು 2 ಮಿ.ಮೀ. ಮೇಲೇರುವಷ್ಟರಲ್ಲಿ ಹುಕ್ಕಿನ ಮೂತಿ ಸೂಜಿಯ ಕಣ್ಣಿನ ತುಸು ಮೇಲೆ ಬಂದು ದಾರ ಹಿಡಿಯಬೇಕು. ಅಷ್ಟು ಸಣ್ಣ ಅಳತೆಯನ್ನು ಅಂದಾಜಿನಲ್ಲಿ ತಿರುಗಿಸಲು ಹೋದರೆ ಸೂಜಿ ಮುರಿಯುತ್ತದೆ, ಹುಕ್ಕೂ ಗೀರು ಬೀಳುತ್ತದೆ.

ಈಗ ಜಾಗದ ವಿಷಯ

ಎರಡನೇ ಮಷಿನ್ ಕೊಳ್ಳುವ ದುಡ್ಡು ಕೈಯಲ್ಲಿದ್ದರೆ ಮೊದಲು ಮೇಜು ಮತ್ತು ಬೆಳಕಿಗೆ ಹಾಕಿ.

ಸಾಮಾನ್ಯ ಮೇಜು 72–75 ಸೆಂ.ಮೀ. ಎತ್ತರ. ಅದರ ಮೇಲೆ ಮಷಿನ್ ಇಟ್ಟರೆ ಹೊಲಿಯುವ ಮಟ್ಟ ಇನ್ನೂ ಮೇಲೇರುತ್ತದೆ. ಭುಜ ಎತ್ತಿಯೇ ಹೊಲಿಯಬೇಕು, ಸಂಜೆಗೆ ಕುತ್ತಿಗೆ ಹಿಡಿಯುತ್ತದೆ. ಮಷಿನ್‌ನ ತಳ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಇದಕ್ಕೆ ಮೂರು ದಾರಿ: ಮೇಜಿನ ಕಾಲು ಕತ್ತರಿಸುವುದು, ಕುರ್ಚಿ ಏರಿಸಿ ಪಾದದ ಕೆಳಗೆ ಮಣೆ ಇಡುವುದು, ಅಥವಾ ಮೇಜಿನಲ್ಲಿ ಗುಂಡಿ ತೆಗೆದು ಮಷಿನ್ ಇಳಿಸುವುದು. ಮೂರನೆಯದೇ ಉತ್ತಮ, ಯಾಕೆಂದರೆ ಬಟ್ಟೆಯ ಭಾರ ಮೇಜಿನ ಮೇಲೆ ನಿಲ್ಲುತ್ತದೆ, ಸೂಜಿಯನ್ನು ಎಳೆಯುವುದಿಲ್ಲ. ಕಾಲುಮಷಿನ್‌ನ ಮೇಜು ಇದನ್ನು ಮೊದಲೇ ಮಾಡಿಟ್ಟಿದೆ. ಕೂರುವಾಗ ಸೂಜಿ ನಿಮ್ಮ ಎದೆಯ ನೇರಕ್ಕೆ ಬರಲಿ. ಮಷಿನ್‌ನ ನಡುಭಾಗಕ್ಕೆ ನೇರ ಕೂತರೆ ಬೆನ್ನು ಸದಾ ಎಡಕ್ಕೆ ತಿರುಚಿರುತ್ತದೆ.

ಬಟ್ಟೆ ಕತ್ತರಿಸಲು ಇದೇ ಮೇಜು ಸಾಲದು. ನಿಂತು ಕತ್ತರಿಸುವ ಮೇಜು 90 ಸೆಂ.ಮೀ. ಆಸುಪಾಸು, ಬಗ್ಗದೆ ಕೈ ಎಟಕುವಷ್ಟು ಇರಬೇಕು. ಜಾಗವಿಲ್ಲದವರು ಗೋಡೆಗೆ ಮಡಚುವ ಹಲಗೆ ಹಾಕಿಸಬಹುದು. ನೆಲದ ಮೇಲೆ ಹರಡಿ ಕತ್ತರಿಸುವುದು ಅಗ್ಗ, ಮೊಣಕಾಲು ಮಾತ್ರ ಅದರ ಬೆಲೆ ಕೊಡುತ್ತದೆ.

ಬೆಳಕಿಗೆ ಎರಡು ಬೇಕು, ಕೋಣೆಗೆ ಒಂದು, ಸೂಜಿಗೆ ಒಂದು. ಚಾವಣಿಯ ದೀಪ ಎಷ್ಟು ಪ್ರಖರವಾಗಿದ್ದರೂ ನಿಮ್ಮ ತಲೆಯ ನೆರಳು ಹೊಲಿಗೆಯ ಮೇಲೇ ಬೀಳುತ್ತದೆ. ಬಾಗಿಸಬಹುದಾದ ಎಲ್‌ಇಡಿ ದೀಪವನ್ನು ಎಡಗಡೆ ಹಾಕಿ. 4000ದಿಂದ 5000 ಕೆಲ್ವಿನ್ ನಡುವಿನ ಬಿಳಿ ಬೆಳಕಿನಲ್ಲಿ ದಾರದ ಬಣ್ಣ ಹೊಂದಿಸುವುದು ಸುಲಭ. ಪೊಟ್ಟಣದ ಮೇಲೆ ಬಣ್ಣ ತೋರುವ ಗುಣ, ಅಂದರೆ ಸಿಆರ್‌ಐ, 90ಕ್ಕಿಂತ ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಹಳೆ ಮಷಿನ್‌ನ ಬಿಸಿ ಬಲ್ಬ್ ತೆಗೆದು ಎಲ್‌ಇಡಿ ಹಾಕುವುದಾದರೆ ಹೋಲ್ಡರ್ ಮತ್ತು ವೋಲ್ಟ್ ಹೊಂದುವುದನ್ನೇ ತನ್ನಿ.

ಇಸ್ತ್ರಿ ಪೆಟ್ಟಿಗೆ ಕೈಗೆಟಕುವಷ್ಟು ಹತ್ತಿರ ಇರಲಿ, ಪ್ರತಿ ಹೊಲಿಗೆಗೂ ಎದ್ದು ಹೋಗಬೇಕಾದರೆ ಯಾರೂ ಇಸ್ತ್ರಿ ಮಾಡುವುದಿಲ್ಲ. ಆದರೆ ಅದು 1000ದಿಂದ 2000 ವ್ಯಾಟ್ ಎಳೆಯುತ್ತದೆ. ಮಷಿನ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸದೆ ಗೋಡೆಯ ಬೇರೆ ಪಾಯಿಂಟಿಗೆ ಹಾಕಿ. ದಾರದ ಉಂಡೆಗಳನ್ನು ಬಿಸಿಲು ಬೀಳುವ ಗೋಡೆಯಲ್ಲಿ ಸಾಲಾಗಿ ಜೋಡಿಸಿದರೆ ನೋಡಲು ಚೆಂದ, ಬಣ್ಣ ಮತ್ತು ಗಟ್ಟಿತನ ಎರಡೂ ಹೋಗುತ್ತವೆ. ಮುಚ್ಚಿದ ಡಬ್ಬವೇ ಸರಿ. ಎರಡು ಜಾತಿಯ ಮಷಿನ್ ಇರುವವರು ಬಾಬಿನ್‌ಗಳಿಗೂ ಬೇರೆ ಬೇರೆ ಡಬ್ಬ ಮಾಡಿ, ಮೇಲೆ 15, 66 ಅಂತ ಬರೆದಿಡಿ.